ಭರಣಿಯ ಮಳೆಯೂ ಹಿತ್ತಲಿನ ಆರನೆಯ ಪಾಲೂ



ವೈಶಾಖಮಾಸವು ಬಂದಿತೆಂದರೆ ಮಲೆನಾಡಿನ ಗೃಹಸ್ಥನಿಗೆ ಎರಡು ಚಿಂತೆಗಳು ಹತ್ತುವುವು. ಮಳೆಗಾಲಕ್ಕೆ ಬೇಕಾದ ಸೌದೆಯೂ ಹಪ್ಪಳ ಸಂಡಿಗೆಗಳೂ ಒಣಗಿ ಅಟ್ಟವನ್ನು ಸೇರಿದುವೇ ಎಂಬುದು ಒಂದು. ಹಿತ್ತಲಿನ ಪಾತಿಗೆ ಬೀಜವು ಬಿದ್ದಿತೇ ಎಂಬುದು ಇನ್ನೊಂದು. ಮೊದಲನೆಯದನ್ನು ಕುರಿತು ಬರೆಯಲು ನನಗಿಂತ ನನ್ನ ಮನೆಯವರೇ ಹೆಚ್ಚು ಅರ್ಹರು. ಎರಡನೆಯದರ ವಿಷಯದಲ್ಲಿ ಬಹುಕಾಲದ ಅನುಭವವೂ, ಹೇಳಿಕೊಳ್ಳಲು ನಾಚಿಕೆಯಾಗತಕ್ಕ ಒಂದು ತಪ್ಪೂ ನನ್ನ ಲೆಕ್ಕದಲ್ಲಿ ಇರುವುದರಿಂದ, ಈ ತಿಂಗಳ ಪುಟವನ್ನು ಅದಕ್ಕೆ ಮೀಸಲಿಡುವೆನು.

ಮೊದಲು ಮಳೆಯ ಮಾತು. ಸೂರ್ಯನು ಅಶ್ವಿನೀ ನಕ್ಷತ್ರವನ್ನು ಪ್ರವೇಶಿಸುವುದು ಏಪ್ರಿಲ್ 14ರ ಸುಮಾರಿಗೆ. ಅಲ್ಲಿಂದ ಮುಂದಕ್ಕೆ ನಕ್ಷತ್ರವೊಂದಕ್ಕೆ ಹದಿಮೂರು ಹದಿನಾಲ್ಕು ದಿನಗಳಂತೆ, ಏಪ್ರಿಲ್ ತಿಂಗಳ ಕೊನೆಯಲ್ಲಿ ಭರಣಿಯೂ, ಮೇ 11ರ ಸುಮಾರಿಗೆ ಕೃತ್ತಿಕೆಯೂ, ಮೇ 25ರ ಸುಮಾರಿಗೆ ರೋಹಿಣಿಯೂ, ಜೂನ್ 8ರ ಸುಮಾರಿಗೆ ಮೃಗಶಿರೆಯೂ ಹುಟ್ಟುವುವು. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಗಾದೆಯು ಬರಿಯ ಪ್ರಾಸದ ಚಮತ್ಕಾರವಲ್ಲ. ಹಗಲಿನ ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿಯು ಸಮುದ್ರದ ಕಡೆಯಿಂದ ಬಂದ ತೇವವನ್ನು ಹೊತ್ತು ಮೇಲೇರಿ, ಸಂಜೆಗೆ ಗುಡುಗು ಮಿಂಚುಗಳ ಮೋಡವಾಗಿ ಕಟ್ಟಿ, ಒಂದು ಗಳಿಗೆ ಸುರಿದು ಹೋಗುವುದು. ಕಾಫಿಯ ಸೀಮೆಯವರು ಚೈತ್ರಕ್ಕಿಂತ ಮುಂಚೆಯೇ ಬರುವ ಇಂಥ ಮಳೆಯನ್ನು ಹೂಮಳೆಯೆನ್ನುವರು. ಭರಣಿಯಲ್ಲಿ ಅದು ಪಾತಿಗೆ ಬೀಜ ಹಾಕಿಸುವ ಮಳೆಯಾಗುವುದು. ಒಂದು ದಿನ ಸುರಿದರೆ ನಾಲ್ಕು ದಿನ ಬಿಸಿಲು. ನೆಲವು ತೇವವನ್ನು ಕುಡಿಯುವುದಕ್ಕೂ, ಸಸಿಯು ಬೇರನ್ನು ಇಳಿಸುವುದಕ್ಕೂ ಇದಕ್ಕಿಂತ ಅನುಕೂಲವಾದ ಕಾಲವಿಲ್ಲ.

ಆದರೆ ಈ ಅವಕಾಶವು ದೀರ್ಘವಾದುದಲ್ಲ. ಮುಂಗಾರು ಕೇರಳದ ತೀರವನ್ನು ಮುಟ್ಟುವುದು ವಾಡಿಕೆಯಲ್ಲಿ ಜೂನ್ 1ರಂದು. 2025ನೆಯ ಇಸವಿಯಲ್ಲಿ ಅದು ಮೇ 24ರಂದೇ ಬಂದಿಳಿಯಿತು. ರೋಹಿಣಿಯಲ್ಲಿ ಬಿತ್ತಿದರಾಯಿತೆಂದು ಸಾವಕಾಶಮಾಡಿಕೊಂಡಿದ್ದ ನಾನು ಆ ವರ್ಷ ಹಾಕಿದ ಬೆಂಡೆಯ ಬೀಜವು ಮೊಳೆಯುವುದಕ್ಕೆ ಮೊದಲೇ ಕೊಳೆತುಹೋಯಿತು. ನಮ್ಮ ಹಿತ್ತಲು ಇರುವುದು ತೀರ್ಥಹಳ್ಳಿಯ ಸೀಮೆಯಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯು ಇದೇ ತಾಲ್ಲೂಕಿನದು. ಇಂಥ ಸೀಮೆಯಲ್ಲಿ ಮುಂಗಾರು ಹಿಡಿಯುವುದಕ್ಕೆ ಮುಂಚೆ ಸಸಿಯು ಒಂದು ಗೇಣಾದರೂ ಎದ್ದು ನಿಂತಿರಬೇಕು. ಆದಕಾರಣ ಭರಣಿ, ಕೃತ್ತಿಕೆ ಇವೆರಡೇ ನಮ್ಮ ಬಿತ್ತನೆಯ ಕಾಲವೆಂದು ತಿಳಿಯತಕ್ಕದ್ದು.

ಮಳೆಯ ಲಕ್ಷಣವನ್ನು ಬೆಳೆಯೊಡನೆ ಸೇರಿಸಿ ವಿಚಾರಮಾಡುವ ಪದ್ಧತಿಯು ನಮ್ಮಲ್ಲಿ ಬಹು ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಲಕ್ಷಣಕ್ಕೂ ವೃಕ್ಷಾಯುರ್ವೇದಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಕನ್ನಡದಲ್ಲಿಯೇ ಇಮ್ಮಡಿ ಚಾವುಂಡರಾಯನು 1025ರಲ್ಲಿ ರಚಿಸಿದ ಲೋಕೋಪಕಾರವೆಂಬ ಗ್ರಂಥವು ಗಿಡಮರಗಳ ಆರೈಕೆಯನ್ನು ಪಾಕಶಾಸ್ತ್ರ, ವಿಷವೈದ್ಯಗಳ ಜೊತೆಯಲ್ಲಿಯೇ ಗೃಹಸ್ಥನ ಉಪಯೋಗಕ್ಕೆಂದು ಹೇಳುತ್ತದೆ. ಅಡಿಗೆಯ ಮನೆಗೂ ಹಿತ್ತಲಿಗೂ ಇರುವ ಅಂತರವು ಒಂದು ಬಾಗಿಲು ಮಾತ್ರವೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಇನ್ನು ಕೆಲಸದ ಮಾತು. ಮೊದಲನೆಯ ಮಳೆಗೆ ಬಿತ್ತಬಾರದು. ಆಗ ನೆಲದ ಮೇಲಿನ ಎರಡಂಗುಲವು ಮಾತ್ರ ನೆನೆದಿರುವುದು. ಒಳಗೆ ಕಾವು ಆರಿರುವುದಿಲ್ಲ. ಬೀಜವು ಮೊಳೆತು, ಮರುದಿನದ ಬಿಸಿಲಿಗೆ ಒಣಗುವುದು. ಇದಲ್ಲದೆ ಮೊದಲ ಮಳೆಗೆ ಕಳೆಯ ಬೀಜಗಳೆಲ್ಲವೂ ಒಟ್ಟಿಗೆ ಏಳುವುವು. ಒಂದು ವಾರ ಕಾದು, ಅವು ಹಸುರಾಗಿ ಕಂಡೊಡನೆ ಗುದ್ದಲಿಯಿಂದ ಕೆತ್ತಿಹಾಕಿದರೆ, ಆಷಾಢದಲ್ಲಿ ನೆನೆಯುತ್ತ ಕಳೆ ಕೀಳುವ ಶ್ರಮದಲ್ಲಿ ಅರ್ಧವು ಉಳಿಯುವುದು. ಎರಡನೆಯ ಅಥವಾ ಮೂರನೆಯ ಮಳೆಗೆ ಬಿತ್ತನೆಯನ್ನು ಪ್ರಾರಂಭಿಸಬಹುದು.

ಪಾತಿಯು ಸುತ್ತಣ ನೆಲಕ್ಕಿಂತ ಎಂಟು ಒಂಬತ್ತು ಅಂಗುಲ ಎತ್ತರವಾಗಿರಬೇಕು. ಅಗಲವು ಮೂರಡಿಗೆ ಮೀರಬಾರದು. ಮೀರಿದರೆ ನಡುವಿನ ಗಿಡಕ್ಕೆ ಕೈ ಎಟುಕದೆ ಪಾತಿಯನ್ನು ತುಳಿಯಬೇಕಾಗುವುದು. ತುಳಿದ ಮಣ್ಣಿನಲ್ಲಿ ನೀರು ನಿಲ್ಲುವುದು. ಇಳಿಜಾರಿನ ನೆಲವಾದರೆ ಪಾತಿಯನ್ನು ಇಳಿಜಾರಿಗೆ ಅಡ್ಡಲಾಗಿ ಕಟ್ಟಿ, ನಡುನಡುವೆ ಬಸಿಗಾಲುವೆಯನ್ನು ತೆಗೆಯಬೇಕು. ಮಲೆನಾಡಿನ ಕೆಂಪುಮಣ್ಣಿನಲ್ಲಿ ಅತಿವೃಷ್ಟಿಯಿಂದ ಸುಣ್ಣದ ಅಂಶವು ತೊಳೆದುಹೋಗಿ ಹುಳಿಯು ಹೆಚ್ಚಾಗಿರುವುದರಿಂದ, ಒಲೆಯ ಬೂದಿಯನ್ನು ಹಿತಮಿತವಾಗಿ ಬೆರೆಸುವುದು ಒಳ್ಳೆಯದು. ಕೊಟ್ಟಿಗೆಯ ಗೊಬ್ಬರವು ಚೆನ್ನಾಗಿ ಕಳಿತು ಮಣ್ಣಿನ ವಾಸನೆಯನ್ನು ಹೊಂದಿರಬೇಕು. ಹಸಿಯ ಸಗಣಿಯನ್ನು ಹಾಕಿದರೆ ಗೊಣ್ಣೆಹುಳುವನ್ನು ಕರೆದು ಮಣೆ ಹಾಕಿದಂತೆ. ಬೀಜ ಹಾಕಿದ ಮೇಲೆ ತೆಳ್ಳಗೆ ತರಗೆಲೆಯನ್ನು ಹೊದಿಸಿದರೆ ಭರಣಿಯ ದಪ್ಪ ಹನಿಯ ಹೊಡೆತಕ್ಕೆ ಮಣ್ಣು ಸಿಡಿಯದು, ತೇವವೂ ಆರದು. ಮುಂಗಾರು ಬಲವಾಗಿ ಹಿಡಿದ ಮೇಲೆ ಈ ಹೊದಿಕೆಯನ್ನು ಗಿಡದ ಬುಡದಿಂದ ಸರಿಸಿಬಿಡಬೇಕು. ಆಗ ಅದು ಹುಳುಗಳಿಗೆ ಛತ್ರವಾಗುವುದು.

ಬೆಂಡೆಯ ಬೀಜವನ್ನು ಒಂದು ರಾತ್ರಿ ನೆನೆಹಾಕಿ, ಸಾಲಿಗೆ ಸಾಲು ಎರಡಡಿ, ಗಿಡಕ್ಕೆ ಗಿಡ ಒಂದಡಿ ಬಿಟ್ಟು ಊರಬೇಕು. ಎಲೆಯ ನರಗಳು ಹಳದಿಯಾಗುವ ರೋಗವನ್ನು ಬಿಳಿನೊಣವು ಗಿಡದಿಂದ ಗಿಡಕ್ಕೆ ಹಬ್ಬಿಸುವುದು. ಆ ರೋಗವನ್ನು ತಡೆದುಕೊಳ್ಳಲೆಂದು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಅನಾಮಿಕಾ ಎಂಬ ತಳಿಯನ್ನು ಹೊರತಂದರು. ಯಾವ ತಳಿಯೇ ಆಗಲಿ, ಹಳದಿಗೆ ತಿರುಗಿದ ಗಿಡವನ್ನು ಕನಿಕರಪಡದೆ ಕಿತ್ತುಹಾಕತಕ್ಕದ್ದು. ಸೌತೆ, ಹೀರೆ, ಪಡವಲ, ಹಾಗಲಗಳಿಗೆ ಗೊಬ್ಬರ ತುಂಬಿದ ಗುಣಿಯ ಮೇಲೆ ಮಣ್ಣನ್ನು ಗುಡ್ಡೆಯಾಗಿ ಏರಿಸಿ, ನಾಲ್ಕು ನಾಲ್ಕು ಬೀಜ ಹಾಕಿ, ಎದ್ದಮೇಲೆ ಬಲವಾದ ಎರಡನ್ನು ಉಳಿಸಿಕೊಳ್ಳುವುದು. ಹಾಗಲದ ಬೀಜದ ಸಿಪ್ಪೆಯು ಗಟ್ಟಿಯಾದುದರಿಂದ ಅದನ್ನು ಒಂದು ಪೂರ್ತಿ ದಿನ ನೆನೆಸಬೇಕು. ಹರಿವೆಯ ಬೀಜವು ಸಾಸಿವೆಗಿಂತ ಸಣ್ಣದು. ಮರಳಿನೊಡನೆ ಬೆರೆಸಿ ಎರಚಿದರೆ ಒತ್ತಾಗದು. ತಿಂಗಳೊಪ್ಪತ್ತಿನಲ್ಲಿ ಹುಳಿಗೆ ಸೊಪ್ಪು ಸಿಕ್ಕುವುದು. ಬೆಂಡೆಗೂ ಸೌತೆಗೂ ಒಂದೂವರೆ ತಿಂಗಳು ಬೇಕು. ಬದನೆ, ಮೆಣಸಿನ ಸಸಿಗಳನ್ನು ಮಾತ್ರ ಸೂರಿನ ಆಸರೆಯಲ್ಲಿ ವಿರಳವಾಗಿ ಎಬ್ಬಿಸಬೇಕು. ಒತ್ತಾಗಿ ಎದ್ದು ನೆನೆದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುವುವು. ಅಡಕೆಯ ದಬ್ಬೆಯ ಚಪ್ಪರವು ಮೃಗಶಿರೆಗೆ ಮೊದಲು ಸಿದ್ಧವಾಗಿರಲಿ.

ಬಳ್ಳಿಯಲ್ಲಿ ಹೂವು ಬಿಟ್ಟರೂ ಕಾಯಿ ಕಚ್ಚುವುದಿಲ್ಲವೆಂದು ಅನೇಕರು ಕೊರಗುವುದುಂಟು. ಈ ಜಾತಿಯ ಬಳ್ಳಿಗಳಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಹೆಣ್ಣುಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರವು ಮೊದಲೇ ಕಾಣುವುದು. ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವವರು ಜೇನುಹುಳುಗಳು, ಚಿಟ್ಟೆಗಳು, ಪತಂಗಗಳು. ಸೌತೆಯು ಬೆಳಗ್ಗೆ ಅರಳುವುದು. ಹೀರೆಯ ಹಳದಿ ಹೂವು ಸಂಜೆಗೆ ಅರಳುವುದು. ಸೋರೆ ಪಡವಲಗಳ ಬಿಳಿಯ ಹೂವುಗಳಿಗೆ ಮುಚ್ಚಂಜೆಯೇ ಪ್ರಭಾತ. ಬೆಳಗ್ಗೆ ಜಡಿಮಳೆ ಹಿಡಿದರೆ ಜೇನು ಗೂಡು ಬಿಟ್ಟು ಹೊರಡದು. ಆಗ ಗಂಡುಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಹೆಣ್ಣುಹೂವಿನ ನಡುವಿಗೆ ಮೃದುವಾಗಿ ತಾಗಿಸಿದರೆ ಸಾಕು. ಮನೆಯ ಮಕ್ಕಳು ಈ ಕೆಲಸವನ್ನು ಬಹು ಸಂತೋಷದಿಂದ ಮಾಡುವರು. ಪುಸ್ತಕದಲ್ಲಿ ಒಂದು ವರ್ಷ ಓದಿದರೂ ತಲೆಗೆ ಹತ್ತದ ಸಸ್ಯಶಾಸ್ತ್ರವು ಒಂದು ಬೆಳಗಿನಲ್ಲಿ ಹತ್ತುವುದು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮೊದಲ ಮಳೆ ಬಿದ್ದ ರಾತ್ರಿ ಹಿತ್ತಲು ನಮ್ಮೊಬ್ಬರದೇ ಆಗಿ ಉಳಿಯುವುದಿಲ್ಲ. ದೀಪ ಹಿಡಿದು ಹೋಗಿ ನೋಡಿರಿ. ಎರೆಹುಳುಗಳು ಮೇಲೆ ಬಂದು ತೇವದಲ್ಲಿ ಹೊಳೆಯುತ್ತಿರುವುವು. ನೆಲಗಪ್ಪೆಗಳು ಬಾವಿಯ ಕಟ್ಟೆಯ ಸಂದಿಯಿಂದ ಹೊರಟಿರುವುವು. ಗೆದ್ದಲು ರೆಕ್ಕೆ ಕಟ್ಟಿಕೊಂಡು ಏಳುತ್ತಿರುವುದು. ಇವರಲ್ಲಿ ಕಳ್ಳರೂ ಉಂಟು, ಕಾವಲುಗಾರರೂ ಉಂಟು. ಯಾರು ಯಾರೆಂದು ತಿಳಿಯದೆ ಕೋಲೆತ್ತುವುದೇ ಹಿತ್ತಲು ಮಾಡುವವನ ಪ್ರಥಮ ಅಪರಾಧ.

ಕಳ್ಳರ ಮಾತನ್ನು ಮೊದಲು ಮುಗಿಸೋಣ. ಕುಂಬಳದ ಜಾತಿಯ ಎಳೆಯ ಮೊಳಕೆಯನ್ನು ಕೆಂಪು ದುಂಬಿಯು ಜರಡಿಯಂತೆ ತೂತುಮಾಡುವುದು. ಬೆಳಗಿನ ಹನಿ ಆರುವುದಕ್ಕೆ ಮೊದಲು ಎಲೆಯ ಮೇಲೆ ಒಲೆಬೂದಿಯನ್ನು ಎರಚುವುದು ಹಳೆಯ ಉಪಾಯ; ಮಳೆ ಬಂದು ತೊಳೆದರೆ ಮತ್ತೆ ಎರಚಬೇಕು. ಹಣ್ಣುನೊಣವು ಎಳೆಯ ಹೀರೆ ಹಾಗಲಗಳಿಗೆ ಚುಚ್ಚಿ ಒಳಗೆ ಮೊಟ್ಟೆಯಿಡುವುದು. ಕಾಯಿ ಡೊಂಕಾಗಿ ಕೊಳೆಯುವುದು. ಕಾಯಿ ಚಿಕ್ಕದಾಗಿರುವಾಗಲೇ ಕಾಗದದ ಚೀಲವನ್ನು ಕಟ್ಟಿದರೆ ನೊಣಕ್ಕೆ ದಾರಿಯಿಲ್ಲ. ಹುಳುಕು ಕಾಯನ್ನು ಗೊಬ್ಬರದ ಗುಂಡಿಗೆ ಎಸೆಯಕೂಡದು. ಹುಳು ಮಣ್ಣಿಗಿಳಿದು, ಕೋಶ ಕಟ್ಟಿ, ನೊಣವಾಗಿ ಹಿಂದಿರುಗುವುದು. ಕುದಿನೀರಿಗೆ ಹಾಕಿ ನಾಶಮಾಡಬೇಕು. ಮಂಗಗಳ ವಿಷಯದಲ್ಲಿ ನನ್ನಲ್ಲಿ ಉಪಾಯವಿಲ್ಲ. ಅವುಗಳೊಡನೆ ಮಲೆನಾಡಿನವರೆಲ್ಲರೂ ನಡೆಸುತ್ತಿರುವ ಸಂಧಾನವು ಇನ್ನೂ ಮುಗಿದಿಲ್ಲ.

ಎಲ್ಲಕ್ಕಿಂತ ಕೇಡಿಗನೆಂದರೆ ಆಫ್ರಿಕದ ದೊಡ್ಡ ಬಸವನಹುಳು. ನಮ್ಮ ನಾಡಿನ ಸಣ್ಣ ಬಸವನಹುಳುವಿನೊಡನೆ ಇದನ್ನು ಸೇರಿಸಬಾರದು. 1847ರಲ್ಲಿ ಬೆನ್ಸನ್ ಎಂಬ ಆಂಗ್ಲನು ಮಾರಿಷಸ್ ದ್ವೀಪದಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟ ಈ ಹುಳುವು ಇಂದು ದೇಶದ ಬಹುಭಾಗಕ್ಕೆ ಹರಡಿದೆ. ಒಂದೇ ಜೀವದಲ್ಲಿ ಗಂಡುತನವೂ ಹೆಣ್ಣುತನವೂ ಸೇರಿರುವುದರಿಂದ ಪ್ರತಿಯೊಂದು ಹುಳುವೂ ಮೊಟ್ಟೆಯಿಡಬಲ್ಲುದು. ಅದೂ ಒಂದು ಸಲಕ್ಕೆ ನೂರರ ಲೆಕ್ಕದಲ್ಲಿ. ಇದರ ವಿಷಯದಲ್ಲಿ ಕ್ಷಮೆಯು ಧರ್ಮವಲ್ಲ. ಸಂಜೆಯ ಹೊತ್ತು ಒದ್ದೆಯ ಗೋಣಿಚೀಲವನ್ನು ಹಾಸಿ, ಅದರ ಕೆಳಗೆ ಪರಂಗಿಯ ಎಲೆಯನ್ನು ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲಿಯೇ ಕೂಡಿರುವುವು. ಕೋಲಿನಿಂದ ಎತ್ತಿ ಗಟ್ಟಿಯಾದ ಉಪ್ಪುನೀರಿಗೆ ಹಾಕುವುದು. ಬರಿಗೈಯಿಂದ ಮುಟ್ಟಬಾರದು, ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಒಂದು ಸೂಕ್ಷ್ಮಕ್ರಿಮಿಯು ಇದರ ದೇಹದಲ್ಲಿಯೂ ಲೋಳೆಯಲ್ಲಿಯೂ ಇರಬಹುದು. ಮಳೆಗಾಲದಲ್ಲಿ ಹಿತ್ತಲಿನ ಸೊಪ್ಪನ್ನು ಎಲೆಯೆಲೆಯಾಗಿ ತೊಳೆದು ಬೇಯಿಸಿಯೇ ಬಳಸಬೇಕೆಂದು ಗೃಹಿಣಿಯರಲ್ಲಿ ವಿಜ್ಞಾಪನೆ.

ಇನ್ನು ಕಾವಲುಗಾರರು. ನೆಲಗಪ್ಪೆಯು ಕುರೂಪಿಯೆಂದು ಮಕ್ಕಳು ಕಲ್ಲೆಸೆಯುವರು. ರಾತ್ರಿಯೆಲ್ಲಾ ಗೆದ್ದಲು, ದುಂಬಿ, ಕಂಬಳಿಹುಳುಗಳನ್ನು ತಿಂದು, ಸಂಬಳ ಕೇಳದೆ ಹಗಲಿನಲ್ಲಿ ಕಲ್ಲಿನಡಿ ಮಲಗುವ ಆಳು ಅದು. ಕಪ್ಪೆಯ ಕಾಲುಗಳನ್ನು ಹೊರದೇಶಗಳಿಗೆ ಮಾರುವ ವ್ಯಾಪಾರವೊಂದು ನಮ್ಮ ದೇಶದಲ್ಲಿ ಬಹಳ ವರ್ಷ ನಡೆದಿತ್ತು. 1987ರಲ್ಲಿ ಸರ್ಕಾರವು ಆ ರಫ್ತನ್ನು ನಿಷೇಧಿಸಿತು. ಎರೆಹುಳುವಿನ ಮಹಿಮೆಯನ್ನು ಹೇಳಲು ಡಾರ್ವಿನ್ ಪಂಡಿತನು 1881ರಲ್ಲಿ ಒಂದು ಗ್ರಂಥವನ್ನೇ ಬರೆದನು. ಕೆಂಬೂತವು ಪೊದೆಯಿಂದ ಇಳಿದು ಬಂದು ಬಸವನಹುಳುವಿನ ಚಿಪ್ಪನ್ನು ಒಡೆದು ತಿನ್ನುವುದನ್ನು ನಾನೇ ನೋಡಿದ್ದೇನೆ. ಬದನೆಯ ಅಗಲವಾದ ಎಲೆಗಳನ್ನು ಹತ್ತಿಯ ಎಳೆಯಿಂದ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿಯು, ಆ ಒಂದೆರಡು ಎಲೆಗಳಿಗೆ ಬಾಡಿಗೆಯಾಗಿ ಇಡೀ ಗಿಡದ ಹುಳುಗಳನ್ನು ಆರಿಸಿಕೊಡುವುದು. ವಿಷದ ಔಷಧವನ್ನು ಸಿಂಪಡಿಸುವವರು ಒಂದು ಮಾತನ್ನು ಮನದಲ್ಲಿಡಬೇಕು: ಔಷಧಕ್ಕೆ ಕಣ್ಣಿಲ್ಲ. ಅದು ಕಳ್ಳನನ್ನು ಕೊಂದ ದಿನವೇ ಕಾವಲಿನವನನ್ನೂ ಕೊಲ್ಲುವುದು. ಕಳ್ಳನು ಬೇಗ ಹಿಂದಿರುಗುವನು, ಕಾವಲಿನವನು ತಡವಾಗಿ.

ಔಷಧಕ್ಕೆ ಕಣ್ಣಿಲ್ಲವೆಂದೆನು, ಕಣ್ಣಿದ್ದ ನಾನೂ ಒಮ್ಮೆ ಅದಕ್ಕಿಂತ ಮೇಲಾಗಿ ನಡೆದುಕೊಳ್ಳಲಿಲ್ಲ. ಇದು ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು.

ಆಗ ಹಿತ್ತಲು ನನ್ನ ತಾಯಿಯವರ ಆಡಳಿತದಲ್ಲಿತ್ತು. ಅವರು ಮಧ್ಯಾಹ್ನ ಊಟಕ್ಕೆ ಕೂಡುವುದಕ್ಕೆ ಮೊದಲು ಹಿತ್ತಲಿನ ಕಲ್ಲಿನ ಮೇಲೆ ಒಂದು ಹಿಡಿ ಅನ್ನವನ್ನು ಇಟ್ಟುಬರುತ್ತಿದ್ದರು. ಮೃಗಶಿರೆಯ ಮಳೆ, ಶಾಲೆಗಳು ತೆರೆದು ಎರಡು ವಾರವಾಗಿತ್ತು. ಆ ದಿನ ತರಗತಿಯಲ್ಲಿ ಪಂಚಮಹಾಯಜ್ಞಗಳನ್ನು ವಿವರಿಸಿ, ಪ್ರಾಣಿಗಳಿಗೆ ಅವುಗಳ ಪಾಲನ್ನು ಕೊಡುವುದೇ ಭೂತಯಜ್ಞವೆಂದು ಬಹು ಗಂಭೀರವಾಗಿ ಪಾಠ ಹೇಳಿ ಮನೆಗೆ ಬಂದಿದ್ದೆನು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಸೌತೆಯ ಪಾತಿಯಲ್ಲಿ ಆರಡಿಯ ಕೇರೆಹಾವು ಮಲಗಿತ್ತು. ಅದು ಕೇರೆಯೆಂದು ನನಗೆ ತಿಳಿದಿತ್ತು, ವಿಷವಿಲ್ಲದ್ದೆಂದೂ ತಿಳಿದಿತ್ತು. ಆದರೆ ಕೇರೆಯು ಕೊಟ್ಟಿಗೆಗೆ ನುಗ್ಗಿ ಹಸುವಿನ ಹಾಲನ್ನು ಕುಡಿಯುವುದೆಂದೂ, ಅದರ ಬಾಲದ ಪೆಟ್ಟಿನಿಂದ ಮೈ ಕೊಳೆಯುವುದೆಂದೂ ಬಾಲ್ಯದಲ್ಲಿ ಕೇಳಿದ ಮಾತುಗಳು ತಿಳಿವಳಿಕೆಗಿಂತ ಮುಂದೆ ಬಂದುವು. ಎರಡೂ ಸುಳ್ಳು. ಚಪ್ಪರದ ಗಳುವನ್ನು ಎಳೆದುಕೊಂಡು ಹೊಡೆದೆನು. ಅದು ಪಾಗಾರದ ಕಡೆಗೆ ಓಡಲು ಯತ್ನಿಸಿತೇ ಹೊರತು ನನ್ನ ಕಡೆಗೆ ಒಮ್ಮೆಯೂ ತಿರುಗಲಿಲ್ಲ.

ತಾಯಿಯವರು ಹೊರಗೆ ಬಂದು ನೋಡಿದರು. ಗದರಿಸಲಿಲ್ಲ. “ಕಾವಲಿನವನನ್ನು ಹೊಡೆದೆಯಲ್ಲೋ ಮಗನೇ. ಇನ್ನು ಹಿತ್ತಲನ್ನು ನೀನೇ ಕಾಯಿ,” ಎಂದು ಹೇಳಿ ಒಳಕ್ಕೆ ಹೋದರು.

ಆ ಮಾತಿನ ಅರ್ಥವು ಶ್ರಾವಣದ ಹೊತ್ತಿಗೆ ಸ್ಪಷ್ಟವಾಯಿತು. ಹೆಗ್ಗಣಗಳು ಪಾಗಾರದ ಕೆಳಗೆ ಬಿಲ ತೋಡಿ, ಗೆಣಸಿನ ಮಡಿಯನ್ನೂ ಸುವರ್ಣಗಡ್ಡೆಯನ್ನೂ ಒಳಗಿಂದೊಳಗೇ ಬರಿದುಮಾಡಿದುವು. ಇಲಿಗಳು ಸೌತೆಯ ಬುಡವನ್ನು ಕಡಿದುವು. ಅಟ್ಟಕ್ಕೆ ಏರಿ ಬೀಜದ ಗಂಟನ್ನು ಬಿಚ್ಚಿದುವು. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ತಪ್ಪನ್ನು ಮಾಡುವುದು ಮನುಷ್ಯಸ್ವಭಾವ. ಪೇಟೆಯಿಂದ ಇಲಿಪಾಷಾಣವನ್ನು ತಂದು, ಹಿಟ್ಟಿನಲ್ಲಿ ಕಲಸಿ ಬಿಲಗಳ ಬಾಯಲ್ಲಿ ಇಟ್ಟೆನು. ಮೂರನೆಯ ದಿನ ನಮ್ಮ ಮಗಳು ಸಾಕಿದ್ದ ಬೆಕ್ಕು, ವಿಷ ತಿಂದ ಇಲಿಯೊಂದನ್ನು ಹಿಡಿದು ತಿಂದು, ಬಚ್ಚಲಿನ ಒಲೆಯ ಹಿಂದೆ ಸತ್ತುಬಿದ್ದಿತ್ತು. ಮಗಳಿಗೆ ಆಗ ಹತ್ತು ವರ್ಷ. ಅವಳು ಅಳುವುದನ್ನು ನಿಲ್ಲಿಸಿ ಕೇಳಿದ ಪ್ರಶ್ನೆಯು ಇದು: “ಅಪ್ಪಯ್ಯ, ಬೆಕ್ಕು ನಿಮಗೇನು ಮಾಡಿತ್ತು?”

ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿ ಅನ್ನ ತಿಂದವನು ನಾನು. ಆ ಪ್ರಶ್ನೆಗೆ ಮಾತ್ರ ಉತ್ತರ ಹೇಳಲಾರದೆ ಹೋದೆನು. ಎರಡು ದಿನ ಅವಳು ನನ್ನೊಡನೆ ಮಾತನಾಡಲಿಲ್ಲ. ಪಾಷಾಣದ ಉಳಿದ ಪೊಟ್ಟಣವನ್ನು ಆಳವಾದ ಗುಂಡಿಯಲ್ಲಿ ಹೂಳಿದೆನು. ಆ ವಿಷವು ಅಂದಿನಿಂದ ನಮ್ಮ ಮನೆಯ ಹೊಸ್ತಿಲನ್ನು ದಾಟಿಲ್ಲ. ಬೋನಿಟ್ಟು, ಬಿಲ ಮುಚ್ಚಿ, ಧಾನ್ಯವನ್ನು ತಗಡಿನ ಡಬ್ಬಕ್ಕೆ ಸೇರಿಸಿ ಕಾಲ ಕಳೆದೆವು. ಇನ್ನೊಂದು ಕೇರೆಯು ಬಂದು ಪಾಗಾರದಲ್ಲಿ ನೆಲೆಸಲು ಮೂರು ಮಳೆಗಾಲಗಳು ಹಿಡಿದುವು.

ಪ್ರಾಚೀನ ರಾಜನೀತಿಯಲ್ಲಿ ಬೆಳೆಯ ಆರನೆಯ ಒಂದು ಪಾಲು ರಾಜನಿಗೆ ಸಲ್ಲತಕ್ಕದ್ದು. ಅದಕ್ಕೆ ಪ್ರತಿಯಾಗಿ ಅವನು ಪ್ರಜೆಯನ್ನು ಕಾಯುವನು. ನಮ್ಮ ಹಿತ್ತಲಿನಲ್ಲಿ ಆ ಷಷ್ಠಭಾಗವನ್ನು ತೆಗೆದುಕೊಳ್ಳುವ ಅರಸರು ಈ ಕಪ್ಪೆ, ಹಕ್ಕಿ, ಹಾವುಗಳೇ ಎಂದು ನಾನು ಈಗ ತಿಳಿದಿದ್ದೇನೆ. ಐದು ಬಳ್ಳಿ ಬೇಕಾದಲ್ಲಿ ಆರನ್ನು ನೆಡುವೆನು. ಗಿಳಿಯು ಒಂದು ಕಾಯನ್ನು ಕುಕ್ಕಿದರೆ, ಎಲೆಯೊಂದು ತೂತಾದರೆ, ಅದು ಆರನೆಯದರ ಲೆಕ್ಕ. ಇದು ವೇದಾಂತವಲ್ಲ, ಜಮಾಖರ್ಚು. ಪಾಲು ಕೊಡಲೊಲ್ಲದೆ ಹೋದ ವರ್ಷ ನಾನು ಕಳೆದುಕೊಂಡದ್ದು ಆರರಲ್ಲಿ ಒಂದಲ್ಲ. ಹೆಚ್ಚುಕಡಮೆ ಆರಕ್ಕೆ ಆರು.

ಹಾಗೆಂದು ಹಾವಿನ ವಿಷಯದಲ್ಲಿ ಅಜಾಗ್ರತೆಯು ಸಲ್ಲದು. ಇಲಿಯನ್ನು ಅರಸಿಕೊಂಡು ನಾಗರವೂ ಬರಬಹುದು. ತರಗೆಲೆಯ ಕೆಳಗೆ ಮಂಡಲದ ಹಾವೂ ಇರಬಹುದು. ಗುರುತು ತಿಳಿಯದ ಹಾವನ್ನು ಸಮೀಪಿಸಲೂಬಾರದು, ಹೊಡೆಯಲೂಬಾರದು. ದೂರ ನಿಂತು ದಾರಿ ಬಿಡುವುದು, ಮನೆಯೊಳಗೆ ಸೇರಿದರೆ ಬಲ್ಲವರನ್ನೂ ಅರಣ್ಯ ಇಲಾಖೆಯವರನ್ನೂ ಕರೆಯುವುದು. ಕೇರೆಹಾವಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ರಾತ್ರಿ ಹಿತ್ತಲಿಗೆ ಹೋಗುವವರು ಕಾಲಿಗೆ ಮೆಟ್ಟು, ಕೈಗೆ ದೀಪ ಇಲ್ಲದೆ ಹೋಗಕೂಡದು. ದೈವವಶಾತ್ ಕಡಿದರೆ, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಇವುಗಳನ್ನೆಲ್ಲ ಬಿಟ್ಟು, ಕಡಿದ ಅಂಗವನ್ನು ಅಲುಗಿಸದೆ, ವಿಳಂಬವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಮದ್ದು.

ಈ ವರ್ಷ ಭರಣಿಯ ಮೂರನೆಯ ಮಳೆಯ ಮರುದಿನ ನಾನು ಗುಣಿಗಳಿಗೆ ಸೌತೆಯ ಬೀಜ ಹಾಕುತ್ತಿದ್ದೆನು. ಮಗಳು ಬೇಸಗೆಯ ರಜೆಗೆ ತನ್ನ ಮಗನೊಡನೆ ಬಂದಿದ್ದಳು. ಆರು ವರ್ಷದ ಮೊಮ್ಮಗನು ಬೀಜ ಎಣಿಸಿ ಕೊಡುತ್ತಿದ್ದವನು ಒಮ್ಮೆಲೇ ಕೂಗಿಕೊಂಡನು. ಪಾಗಾರದ ಸಂದಿಯಿಂದ ಕೇರೆಯು ಇಳಿದು ಬರುತ್ತಿತ್ತು. ಕೂಗನ್ನು ಕೇಳಿ ನೆರೆಮನೆಯವರು ದೊಣ್ಣೆ ಹಿಡಿದು ಓಡಿಬಂದರು. “ಮೇಷ್ಟ್ರೇ, ಸ್ವಲ್ಪ ಸರಿಯಿರಿ,” ಎಂದರು.

“ದೊಣ್ಣೆ ಕೆಳಗಿಡಿ ಮಾರಾಯರೇ. ಅವನು ನಮ್ಮ ಹಿತ್ತಲಿನ ಕಾವಲಿನವನು,” ಎಂದೆನು.

ಅವರು ನನ್ನನ್ನೂ ಹಾವನ್ನೂ ನೋಡಿ, ಅರೆಮನಸ್ಸಿನಿಂದ ದೊಣ್ಣೆಯನ್ನು ಇಳಿಸಿದರು. ಕೇರೆಯು ಪಾತಿಯ ಪಕ್ಕದ ಬಸಿಗಾಲುವೆಯಲ್ಲಿಯೇ ಹರಿದು, ಹೆಗ್ಗಣದ ಹಳೆಯ ಬಿಲವಿದ್ದ ಕಡೆಗೆ ಹೋಗಿ ಮರೆಯಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ತನ್ನ ಮಗನಿಗೆ, “ಹಿಂದೆ ಇಲ್ಲಿದ್ದ ಹಾವಿನ ಕಥೆಯನ್ನು ಅಜ್ಜಯ್ಯನ ಹತ್ತಿರ ಕೇಳು,” ಎಂದಳು. ಇಪ್ಪತ್ತು ವರ್ಷಗಳಲ್ಲಿ ಅವಳು ಆ ಮಾತನ್ನು ಎತ್ತಿದ್ದು ಅದೇ ಮೊದಲು.

ನಾನು ಕಥೆಯನ್ನು ಹೇಳಿದೆನು. ಬೆಕ್ಕಿನ ಭಾಗವನ್ನು ಬಿಡಲಿಲ್ಲ. ಕಥೆಯು ಮುಗಿದ ಮೇಲೆ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಬೀಜಗಳನ್ನು ಎಣಿಸಿ, “ಅಜ್ಜಯ್ಯ, ಒಂದು ಗುಣಿ ಹೆಚ್ಚಿಗೆ ಮಾಡೋಣ,” ಎಂದನು. ಮಾಡಿದೆವು.

ಈ ಪುಟವು ನಿಮ್ಮ ಕೈಗೆ ಬರುವ ವೇಳೆಗೆ ಕೃತ್ತಿಕೆಯು ನಡೆಯುತ್ತಿರುವುದು. ಬೀಜ ಹಾಕದವರು ಇನ್ನೂ ಹಾಕಬಹುದು. ಹಿತ್ತಲಿನಲ್ಲಿ ಹೊಸ ಜೀವವೊಂದು ಕಂಡರೆ ಕೋಲಿಗೆ ಕೈಹಾಕುವುದಕ್ಕೆ ಮೊದಲು ದೂರದಲ್ಲಿ ಕುಳಿತು ಒಂದು ದಿನ ಅದು ಏನನ್ನು ತಿನ್ನುವುದೆಂದು ನೋಡಿರಿ. ಮುಂದಿನ ತಿಂಗಳು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವ ಕ್ರಮವನ್ನೂ ಮುಂದಿನ ವರ್ಷಕ್ಕೆ ಬೀಜದ ಕಾಯನ್ನು ಆರಿಸುವ ವಿಧಾನವನ್ನೂ ತಿಳಿಸುವೆನು. ಅಷ್ಟರೊಳಗೆ ನಿಮ್ಮ ಸೌತೆಯು ಹೂವು ಬಿಡಲಿ.